ತಿಳಿವಿನ ಕಾರ್ಖಾನೆ

ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕರಿಬೇವು ಕೊಡುತ್ತಾ ಪಕ್ಕದ ಮನೆಯವರು ಕೇಳಿದರು: "ನನ್ನ ಮಗಳ ಕಂಪನಿ ಹೆಸರು ಮತ್ತೆ ಬದಲಾಯ್ತಂತಲ್ರೀ, ಏನಾದ್ರೂ ತೊಂದ್ರೆನಾ?" ಕೈಯಲ್ಲಿ ಅವಳ ಹಳೇ ಐಡಿ ಕಾರ್ಡು, ಮೇಲೆ ‘ತಿಯೆತೊಎವ್ರಿ’.

ಗಾಬರಿ ಬೇಡ ಅಂದೆ. ಆ ಹೆಸರಿನ ಕಥೆ ನನಗೆ ಬಹಳ ಇಷ್ಟ. 1968ರಲ್ಲಿ ಫಿನ್‌ಲೆಂಡಿನ ಎಸ್ಪೂದಲ್ಲಿ ಹುಟ್ಟಿದಾಗ ಅದು ‘ತಿಯೆತೊತೆಹ್ದಾಸ್’. ತಿಯೆತೊ ಅಂದರೆ ತಿಳಿವು, ತೆಹ್ದಾಸ್ ಅಂದರೆ ಕಾರ್ಖಾನೆ. ಯೂನಿಯನ್ ಬ್ಯಾಂಕ್ ಆಫ್ ಫಿನ್‌ಲೆಂಡ್, ಅದರ ಗ್ರಾಹಕರು, ಜೊತೆಗೆ ಒಂದಷ್ಟು ಅರಣ್ಯೋದ್ಯಮ ಕಂಪನಿಗಳು, ಇವರ ಲೆಕ್ಕಪತ್ರ ನಡೆಸುವುದೇ ಕೆಲಸ. ಕಂಪ್ಯೂಟರು ಒಂದು ಕೋಣೆ ತುಂಬುತ್ತಿದ್ದ ಕಾಲ. ಆ ಕೆಲಸಕ್ಕೆ ಕಾರ್ಖಾನೆ ಅನ್ನೋದು ಎಷ್ಟು ಸರಿಯಾದ ಮಾತು! ಫಿನ್ನಿಶ್ ಜನ ಕಂಪ್ಯೂಟರಿಗೂ ‘ತಿಯೆತೊಕೋನೆ’ ಅಂತಾರೆ, ತಿಳಿವಿನ ಯಂತ್ರ. ನಮ್ಮ ಎಷ್ಟೋ ಲಿಫ್ಟುಗಳ ಮೇಲೆ ಕಾಣುವ ‘ಕೋನೆ’ ಇದೇ ಪದ, ಅದೂ ಫಿನ್‌ಲೆಂಡಿನದೇ. ಹೊಸ ವಸ್ತು ಬಂದ ಕೂಡಲೇ ತಮ್ಮ ಭಾಷೆಯಲ್ಲೇ ಹೆಸರಿಟ್ಟು, ಅದನ್ನು ದಿನವೂ ಬಳಸುವ ಆ ಜನರ ಬಗ್ಗೆ ನನಗೆ ಗೌರವ.

ಆಮೇಲೆ ಸಂಬಂಧಗಳು ಕೂಡಿದವು. 1999ರಲ್ಲಿ ಸ್ವೀಡನ್ನಿನ ಎನೇಟರ್ ಸೇರಿ ತಿಯೆತೊಎನೇಟರ್ ಆಯಿತು. 2008ರ ಕೊನೆಗೆ ಬರೀ ತಿಯೆತೊ. 2019ರಲ್ಲಿ ನಾರ್ವೆಯ ಎವ್ರಿ ಬಂತು. ಎವ್ರಿಯವರ ಕೈಯಲ್ಲಿ ಆಗಲೇ ಬೆಂಗಳೂರಿನ ಸ್ಪ್ಯಾನ್ ಇನ್ಫೋಟೆಕ್ ಇತ್ತು. ಹಾಗೆ ನಮ್ಮೂರೂ ಈ ಬೀಗತನದೊಳಗೆ ಬಂತು.

"ಅಷ್ಟು ದೊಡ್ಡದಾ?" ಅಂದರು ಅವರು. ದೊಡ್ಡದು ಅಂತ ಜನಕ್ಕೆ ಗೊತ್ತಾಗುವುದು ಅದು ನಿಂತಾಗಲೇ. 2011ರ ನವೆಂಬರಿನಲ್ಲಿ ಸ್ವೀಡನ್ನಿನ ಅದರ ಡೇಟಾ ಸೆಂಟರಿನಲ್ಲಿ ದತ್ತಾಂಶ ಸಂಗ್ರಹಿಸಿಡುವ ವ್ಯವಸ್ಥೆ ಕೆಟ್ಟಿತು. ಸುಮಾರು 50 ಸಂಸ್ಥೆಗಳಿಗೆ ಪೆಟ್ಟು ಬಿತ್ತು: ಔಷಧಿ ಅಂಗಡಿಗಳು, ವಾಹನ ತಪಾಸಣೆ, ನಗರಾಡಳಿತ. ಔಷಧಿ ಚೀಟಿ ಹಿಡಿದು ನಿಂತವನಿಗೆ ಕಂಪನಿಯ ಹೆಸರೂ ಗೊತ್ತಿರಲಿಕ್ಕಿಲ್ಲ. ಇಂಥ ಕೆಲಸವನ್ನು ನಾವು ಬರೀ ಸಂಬಳದ ಲೆಕ್ಕದಲ್ಲಿ ಅಳೆಯುತ್ತೇವೆ, ಅದು ತಪ್ಪು. ನಿಮ್ಮ ಮಗಳು ರಾತ್ರಿ ಎದ್ದು ಫೋನೆತ್ತುವುದು ಅಲ್ಲಿ ಯಾರದೋ ಔಷಧಿ ತಡವಾಗದಿರಲಿ ಅಂತಲೂ ಇರಬಹುದು.

ಅವರು ಕಾರ್ಡನ್ನು ಸೆರಗಿನಲ್ಲಿ ಒರೆಸಿದರು. "ಹಾಗಾದ್ರೆ ಈಗ ಏನು ಹೆಸರು?"

2025ರಿಂದ ಮತ್ತೆ ಬರೀ ತಿಯೆತೊ. ಹಳೇ ಕಾರ್ಡು ಎಸೀಬೇಡಿ, ಜೋಪಾನವಾಗಿ ಎತ್ತಿಡಿ.