ಹಲ್ಲಿಯ ಶಯ್ಯಾಸುಖ

ವಯನಾಡಿನಲ್ಲಿ, ತಾಮರಶ್ಶೇರಿ ಘಟ್ಟದ ನೆತ್ತಿಯಲ್ಲಿರುವ ಲಕ್ಕಿಡಿಯಿಂದ ಕಲ್ಪೆಟ್ಟದವರೆಗೆ ಕರ್ಕಟಕ ಮಾಸದ ವರ್ಷಧಾರೆ ಎಡೆಬಿಡದೆ ಸುರಿದು, ಮನುಷ್ಯಮಾತ್ರರೆಲ್ಲ ಒಲೆಯ ಸಾನ್ನಿಧ್ಯವನ್ನೇ ಸ್ವರ್ಗವೆಂದು ಭಾವಿಸುವ ಕಾಲದಲ್ಲಿ, ನನ್ನ ಬಂಧುಗಳೊಬ್ಬರ ಮನೆಯ ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆಹಲ್ಲಿಯು ವಿದ್ಯುಚ್ಛಯ್ಯೆಯ ಮೇಲೆ ಪವಡಿಸಿರುತ್ತದೆ. ಅಫಘಾನಿಸ್ತಾನ, ಪಾಕಿಸ್ತಾನಗಳ ಒಣ ಕಲ್ಲುನಾಡಿನ ಕುಲದ ಈ ಶೀತರಕ್ತ ಪ್ರಾಣಿಗೆ ಉದರದಡಿಯಲ್ಲಿ ಸುಮಾರು 32 ಡಿಗ್ರಿ ಶಾಖವಿಲ್ಲದಿದ್ದರೆ ಉಂಡ ಹುಳು ಸರಿಯಾಗಿ ಜೀರ್ಣವಾಗದು. ಆದರೆ ಹೀಟ್ ಮ್ಯಾಟ್ ಎಂಬ ಆ ಚಾಪೆಗೆ ವಿವೇಕ ಎಳ್ಳಷ್ಟೂ ಇಲ್ಲ; ಥರ್ಮೋಸ್ಟಾಟೆಂಬ ಅಂಕುಶವಿಲ್ಲದೆ ಬಿಟ್ಟರೆ 40 ಡಿಗ್ರಿಯನ್ನೂ ಮೀರಿ ಹಲ್ಲಿಯ ಹೊಟ್ಟೆಯನ್ನು ಸುಡಬಲ್ಲುದು. ಆದುದರಿಂದ ಹಲ್ಲಿಯಿರುವ ಪೆಟ್ಟಿಗೆಯ ಮೂರನೆಯ ಒಂದು ಪಾಲಿಗೆ ಮಾತ್ರ ಅದನ್ನು ಹಾಸಿ, ಉಳಿದುದನ್ನು ತಂಪಾಗಿರಿಸಿ, ಥರ್ಮೋಸ್ಟಾಟಿನ ಶಾಖವನ್ನಳೆಯುವ ತಂತಿಯ ತುದಿಯನ್ನು ಚಾಪೆಗೇ ತಾಗಿಸಿ ಅಂಟಿಸತಕ್ಕದ್ದು. ಗಾಳಿಯಲ್ಲಿ ತೂಗಬಿಟ್ಟರೆ ಅದು ವಯನಾಡಿನ ಚಳಿಯನ್ನಳೆದು, ಇನ್ನೂ ಕಾಯಿಸು, ಇನ್ನೂ ಕಾಯಿಸು ಎಂದು ಆಜ್ಞಾಪಿಸುತ್ತಲೇ ಇರುತ್ತದೆ.

ಕರೆಂಟು ಹೋಯಿತೋ, ಮನೆಯಲ್ಲಿ ಹಾಹಾಕಾರ! ಮೊನ್ನೆ ಮೊಮ್ಮಗನು ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯತ್ತ ಧಾವಿಸುತ್ತಿದ್ದಾಗ, ಮೂಲೆಯಲ್ಲಿ ಮುದುಡಿ ಕುಳಿತಿದ್ದ ಅಜ್ಜಿ, "ಮಗೂ, ನಾನೂ ಹುಳು ತಿನ್ನಲೊಪ್ಪಿದರೆ ಈ ಮೊಣಕಾಲಿಗೊಂದು ಬಾಟಲಿ ಸಿಕ್ಕೀತೇನಪ್ಪಾ?" ಎಂದು ವಿನಯಪೂರ್ವಕವಾಗಿ ವಿಚಾರಿಸಿದರು. ಹುಡುಗನು ಥರ್ಮಾಮೀಟರಿನಿಂದ ಕಣ್ಣು ಕೀಳಲಿಲ್ಲ.