ಡಿಸ್ಕು ಆರಿಸುವ ಭಾವ

ಪ್ರತಿ ಊರಲ್ಲೂ ಇಂಥವರೊಬ್ಬರು ಇರುತ್ತಾರೆ. ಹದಿನೈದು ರೂಪಾಯಿಯ ಸಾಮಾನಿಗೆ ಅಂಗಡಿಯವನ ಅರ್ಧ ದಿನ ಹಾಳು ಮಾಡಿ, ಕೊನೆಗೆ ಏನನ್ನೂ ಕೊಳ್ಳದೆ ಇಳಿದು ಬರುವವರು. ಬಲ್ಬಾಗಲಿ, ಟಾರ್ಚಿನ ಸೆಲ್ಲಾಗಲಿ, ಮಿಕ್ಸಿಯ ವಾಷರ್ ಆಗಲಿ, "ಇದು ನಮ್ಮದಕ್ಕೆ ಒಗ್ಗಲ್ಲ" ಎಂಬ ತೀರ್ಪು ಅವರ ನಾಲಿಗೆ ತುದಿಯಲ್ಲೇ ಇರುತ್ತದೆ. ತುರುವೇಕೆರೆ ಕಡೆಯ ನಮ್ಮ ಭಾವನವರು ಈ ಪಂಗಡದಲ್ಲೇ ಒಂದು ವಿಶೇಷ ಶಾಖೆ. ಅವರು ಖಾಲಿ ಸಿಡಿ, ಡಿವಿಡಿಗಳ ಪರೀಕ್ಷಕರು. ಅಕ್ಕನ ಗಂಡ ಎಂಬ ಒಂದೇ ಕಾರಣಕ್ಕೆ ನಾನು ಅವರ ಖಾಯಂ ಶ್ರೋತೃ, ಜೊತೆಗೆ ಕೈಚೀಲ ಹಿಡಿಯುವವನು.

ಭಾವ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಬಹಳ ಕಾಲ ಲೆಕ್ಕ ಬರೆದವರು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿ ಬಂದ ಉಂಡೆ ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು, ಬೆರಳಲ್ಲಿ ತಟ್ಟಿ, ಮೂಸಿ, ಕೌಟೋ ಅಲ್ಲವೋ ಎಂದು ಒಡೆಯದೆಯೇ ಹೇಳಬಲ್ಲರು. ಮನೆಗೆ ಕಂಪ್ಯೂಟರ್ ಬಂದ ಮೇಲೆ ಡಿಸ್ಕನ್ನೂ ಅವರು ಹಾಗೇ ನೋಡತೊಡಗಿದರು. ಬಿಸಿಲಿಗೆ ಹಿಡಿಯುವುದು, ಓರೆ ಮಾಡುವುದು, ಅಂಚಿನ ಮೇಲೆ ಉಗುರಾಡಿಸುವುದು. ಒಮ್ಮೆ ಮೂಸಿದ್ದನ್ನೂ ನೋಡಿದ್ದೇನೆ. ಕೇಳಿದ್ದಕ್ಕೆ "ಅಭ್ಯಾಸ ಬಲ ಕಣಪ್ಪಾ" ಎಂದರು.

ಅವರ ಜ್ಞಾನ ಸುಳ್ಳಲ್ಲ, ನನ್ನ ಸಂಕಟವಿರುವುದು ಅಲ್ಲೇ. ಸಿಡಿಯ ಹಿಂಬದಿ ಹಸಿರು ಛಾಯೆ ಕಂಡರೆ ಸಯನಿನ್ ಬಣ್ಣ, ಗಾಢ ನೀಲಿಯಾದರೆ ಅಜೋ, ತೆಳು ಚಿನ್ನದಂತಿದ್ದರೆ ಥ್ಯಾಲೋಸಯನಿನ್ ಎಂದು ಊಟದ ಎಲೆಯ ಮುಂದೆ ಕೂತು ವಿವರಿಸುತ್ತಾರೆ. ಡಿವಿಡಿಯ ಮೈನಸ್ ಜಾತಿಯನ್ನು 1997ರಲ್ಲಿ ಪಯೋನಿಯರ್‌ನವರು ತಂದರು, ಪ್ಲಸ್ ಜಾತಿ ಬಂದದ್ದು 2002ರಲ್ಲಿ, ಸೋನಿ, ಫಿಲಿಪ್ಸ್ ಕಡೆಯವರ ಕೂಟದಿಂದ. ಹಳೆಯ ಪ್ಲೇಯರ್‌ಗಳಿಗೆ ಮೈನಸ್ಸೇ ಹೆಚ್ಚು ಒಗ್ಗುತ್ತದೆ. ಡ್ರೈವಿನ ಮೇಲೆ ಸೂಪರ್ ಮಲ್ಟಿ ಎಂದು ಬರೆದಿದ್ದರೆ ಎರಡೂ ನಡೆಯುತ್ತವೆ. ಇಷ್ಟು ಹೇಳುವ ಹೊತ್ತಿಗೆ ಸಾರು ಆರಿರುತ್ತದೆ. 4.7 ಜಿಬಿ ಎಂದು ಡಬ್ಬದ ಮೇಲಿದ್ದರೂ ಕಂಪ್ಯೂಟರಿನಲ್ಲಿ 4.38 ತೋರಿಸುತ್ತದಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಕೇಳಿದೆ. "ಒಣಗಿ ತೂಕ ಕಮ್ಮಿಯಾಗಿದ್ದಲ್ಲ ಕಣಪ್ಪಾ. ಕಂಪನಿಯವನು ಸಾವಿರದ ಲೆಕ್ಕದಲ್ಲಿ ಅಳೀತಾನೆ, ಕಂಪ್ಯೂಟರು ಸಾವಿರದ ಇಪ್ಪತ್ನಾಲ್ಕರ ಲೆಕ್ಕದಲ್ಲಿ" ಎಂದು ಹೇಳಿ, ಕಾಗದ ಪೆನ್ನು ತರಿಸಿದರು.

ಅವರ ಮಗಳ ಮದುವೆಯಾದಾಗ ವಿಡಿಯೋವನ್ನು ನೆಂಟರಿಗೆಲ್ಲ ಡಿವಿಡಿ ಮಾಡಿ ಹಂಚಬೇಕಿತ್ತು. ಸ್ಟುಡಿಯೋದವನೇ ಮಾಡಿಕೊಡುತ್ತೇನೆಂದ. ಭಾವನಿಗೆ ಅದು ಅವಮಾನ. ತಿಪಟೂರಿನ ಅಂಗಡಿಯೊಂದಕ್ಕೆ ಹೋದೆವು. ಹುಡುಗ ಸರಳ ಮನುಷ್ಯ. "ಅಣ್ಣ, ಇದು ಹದಿನೈದು, ಇದು ಇಪ್ಪತ್ತು" ಎಂದ.

"ಬೆಲೆ ಕೇಳಲಿಲ್ಲ ಕಣಪ್ಪಾ. ಯಾವ ಫ್ಯಾಕ್ಟರಿದು?"

"ಕಂಪನಿದು ಅಣ್ಣ."

"ಗೋಣಿಚೀಲದ ಮೇಲೆ ತಿಪಟೂರು ಅಂತ ಛಾಪು ಹೊಡೆದ ಮಾತ್ರಕ್ಕೆ ಒಳಗಿನ ಮಾಲು ತಿಪಟೂರಿಂದೇ ಆಗಿರುತ್ತಾ?" ಎಂದು ಭಾವ ನಕ್ಕರು. ನಂತರ ಅಂಗಡಿಯ ಕಂಪ್ಯೂಟರಿಗೇ ಒಂದು ಡಿಸ್ಕು ಹಾಕಿಸಿ, ಅದರೊಳಗಿನ ತಯಾರಕರ ಗುರುತನ್ನು ಓದಿಸಿದರು. ಹಿಂದೆ ಜೆರಾಕ್ಸ್ ಮಾಡಿಸಲು ನಿಂತವರಿಗೂ ಆವತ್ತು ಉಪನ್ಯಾಸ ಸಿಕ್ಕಿತು. ಒಂದೇ ಬ್ರ್ಯಾಂಡಿನ ಡಬ್ಬದಲ್ಲಿ ಬೇರೆ ಬೇರೆ ಕಾರ್ಖಾನೆಯ ಡಿಸ್ಕು ಇರಬಹುದು. ಯಾರ ಡಿಸ್ಕಿಗೆ ಲೇಸರನ್ನು ಎಷ್ಟು ಜೋರಾಗಿ ಬಿಡಬೇಕೆಂಬ ಪಟ್ಟಿ ಡ್ರೈವಿನ ಫರ್ಮ್‌ವೇರಿನೊಳಗೆ ಇರುತ್ತದೆ. ಗುರುತು ಪಟ್ಟಿಯಲ್ಲಿದ್ದರೆ ಡ್ರೈವು ಅದರಂತೆ ಬರೆಯುತ್ತದೆ, ಇಲ್ಲದಿದ್ದರೆ ಅಂದಾಜಿನ ಮೇಲೆ ಬರೆಯುತ್ತದೆ. "ಅಂದಾಜಿನ ಮೇಲೆ ಮಗಳ ಮದುವೆ ಬರೆಸಕ್ಕಾಗುತ್ತಾ?" ಎಂದು ಕೇಳಿದಾಗ ಜೆರಾಕ್ಸಿನವರಲ್ಲಿ ಒಬ್ಬರು "ಇಲ್ಲ ಇಲ್ಲ" ಎಂದು ತಲೆಯಾಡಿಸಿದರು. ಹುಡುಗ ಡಬ್ಬ ಮುಚ್ಚಿ ಒಳಗಿಟ್ಟ.

ಮರುದಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿ ಅಂಗಡಿಗಳು ಹೆಚ್ಚು, ಭಾವನ ಪ್ರಶ್ನೆಗಳೂ ಹೆಚ್ಚು. ಆ ಕಥೆ ಬೇಡ. ಸಂಜೆ ಒಂದು ಡಬ್ಬ ಸಿಕ್ಕಿತು. ರೈಲಿನಲ್ಲಿ ಅದು ಭಾವನ ತೊಡೆಯ ಮೇಲೆ ಕೂತಿತ್ತು, ನಾನು ಅರಸೀಕೆರೆ ಗಾಡಿಯ ಬಾಗಿಲಲ್ಲಿ ನಿಂತಿದ್ದೆ.

ಇನ್ನು ಬರೆಯುವ ಕೆಲಸ. ಡಿಸ್ಕು ಹದಿನಾರರ ವೇಗದ್ದಾದರೂ ಭಾವ ನಾಲ್ಕಕ್ಕಿಂತ ಮೇಲೆ ಹೋಗುವವರಲ್ಲ. ಒಂದೊಂದಕ್ಕೂ ಹದಿನೈದು ನಿಮಿಷ. ಅಷ್ಟು ಹೊತ್ತು ಯಾರೂ ಓಡಾಡಬಾರದು, ಬಾಗಿಲು ದಡ್ಡೆನ್ನಬಾರದು. ಯುಪಿಎಸ್ ಎಂದೋ ಕೈಕೊಟ್ಟಿತ್ತು. ತೋಟದ ಊರುಗಳಲ್ಲಿ ಅಸಲು ತೊಂದರೆ ಬೇರೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಹೂಂಕರಿಸುತ್ತವೆ, ಮನೆಯ ದೀಪ ಕೆಂಪಗಾಗುತ್ತದೆ, ಕಂಪ್ಯೂಟರು ಕಣ್ಣು ಮಿಟುಕಿಸುತ್ತದೆ, ಅರ್ಧ ಬರೆದ ಡಿಸ್ಕು ಅಲ್ಲಿಗೆ ಮುಗಿಯಿತು. ಭಾವ ಪಕ್ಕದ ತೋಟದವರ ಬೇಲಿಗೆ ಹೋಗಿ, "ಅಣ್ಣಾ, ಧಾರೆ ನಡೀತಾ ಇದೆ, ಒಂದು ಕಾಲು ಗಂಟೆ ಮೋಟಾರು ಹಾಕಬೇಡಿ" ಎಂದು ಕೂಗಿದರು. ಮದುವೆ ಮುಗಿದು ತಿಂಗಳಾಗಿತ್ತು. ಆ ಮನುಷ್ಯ ಗಾಬರಿಯಾಗಿ ಬಂದು ನೋಡಿ ಕಾಫಿ ಕುಡಿದು ಹೋದರು. ಅವರ ಎಳೆ ತೆಂಗಿನ ಸಸಿಗಳಿಗೆ ಅವತ್ತು ನೀರು ತಡವಾಯಿತು.

ದಸರೀಘಟ್ಟದ ಚೌಡೇಶ್ವರಿ ಅಮ್ಮನವರು ಭಕ್ತರು ಕೇಳಿದ್ದಕ್ಕೆ ಬರೆದೇ ಉತ್ತರ ಕೊಡುತ್ತಾರೆಂದು ನಮ್ಮ ಸೀಮೆಯವರ ನಂಬಿಕೆ. ಡ್ರೈವಿನ ಬರವಣಿಗೆಯ ಮೇಲೆ ಭಾವನಿಗೆ ಅಷ್ಟು ನಂಬಿಕೆಯಿಲ್ಲ, ಬರೆದದ್ದನ್ನೆಲ್ಲ ಮತ್ತೆ ವೆರಿಫೈ ಮಾಡಿಸುತ್ತಾರೆ. ಫೇಲಾದವು ರಾಗಿ ಹೊಲದಲ್ಲಿ ದಾರಕ್ಕೆ ನೇತಾಡಿ ಹಕ್ಕಿ ಓಡಿಸಿದವು. ಆ ವರ್ಷ ಹಕ್ಕಿಗಳಿಗೆ ಬಹಳ ಕಷ್ಟವಾಯಿತು.

ಬೇರೆ ಗುಣಗಳನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್, ಫ್ರಿಜ್ಜಿಗೆ ಬೀಗ, ವಾರಂಟಿ ಕಾರ್ಡುಗಳಿಗೆ ಪ್ರತ್ಯೇಕ ಫೈಲು, ಯಾರ ಮನೆಗೆ ಹೋದರೂ ಮೊದಲು ಅವರ ಸ್ಟೆಬಿಲೈಸರ್ ವಿಚಾರಣೆ. ಅಕ್ಕ ಇದನ್ನೆಲ್ಲ ಹೇಗೆ ತಡೆದುಕೊಂಡಳೋ. ಕೇಳಿದರೆ, "ಕುಡಿಯಲ್ಲ, ಇಸ್ಪೀಟು ಆಡಲ್ಲ, ಡಿಸ್ಕು ನೋಡ್ಕೋತಾರೆ, ನೋಡ್ಕೊಳ್ಳಲಿ ಬಿಡು" ಎಂದಳು.

ಕಾಲ ಭಾವನ ಮೇಲೆ ಬಿದ್ದದ್ದು ನಿಧಾನವಾಗಿ. ಅವರು ಅತಿಯಾಗಿ ಮೆಚ್ಚಿದ್ದ ಜಪಾನಿನ ತೈಯೋ ಯೂಡೆನ್ 2015ರ ಕೊನೆಗೆ ಡಿಸ್ಕಿನ ವ್ಯಾಪಾರ ಬಿಟ್ಟಿತು. ಸುದ್ದಿ ಓದಿದ ದಿನ ಊಟ ಮಾಡಿದರು, ಆದರೆ ಮಜ್ಜಿಗೆ ಬೇಡವೆಂದರು. ಲೋಕಕ್ಕೆಲ್ಲ ಡಿಸ್ಕು ಒದಗಿಸಿದ ನಮ್ಮ ದೇಶದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಮುಗಿಯಿತು. ಮೊಮ್ಮಗನಿಗೆ ತಂದ ಲ್ಯಾಪ್‌ಟಾಪಿನ ನಾಲ್ಕೂ ಬದಿ ತಡವಿ, "ಡ್ರೈವ್ ಎಲ್ಲಪ್ಪಾ?" ಎಂದು ಕೇಳಿದರು. ಮೊಮ್ಮಗ "ಏನ್ ಡ್ರೈವ್ ತಾತ?" ಎಂದ. ಯಾವ ಡಿಸ್ಕು ಯಾವ ಡ್ರೈವಿಗೆ ಒಗ್ಗುತ್ತದೆ ಎಂದು ಜೀವ ಸವೆಸಿದವರ ಮುಂದೆ ಈಗ ಡ್ರೈವೇ ಇಲ್ಲ. ನನಗೆ ಖುಷಿಯಾಗಬೇಕಿತ್ತು.

ಆದರೂ ಜನ ಬರುತ್ತಾರೆ. ಭಾವನ ಹತ್ತಿರ ಯುಎಸ್‌ಬಿಗೆ ಸಿಕ್ಕಿಸುವ ಡ್ರೈವೊಂದು ಇದೆಯೆಂಬುದು ಹುಳಿಯಾರಿನವರೆಗೂ ಗೊತ್ತು. ಹೋದ ವರ್ಷ ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಮಗುವಿನ ನಾಮಕರಣದ ಸಿಡಿ ಸೆರಗಲ್ಲಿ ಸುತ್ತಿಕೊಂಡು ಬಂದಳು. ತೀರಿಹೋದ ಗಂಡ ಮಾತಾಡಿದ್ದು ಅದೊಂದರಲ್ಲೇ ಉಳಿದಿತ್ತಂತೆ. ಭಾವ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದರು. ಸುತ್ತಲೂ ಉಜ್ಜಿದರೆ ಗೀರು ಓದುವ ಜಾಡಿನ ಉದ್ದಕ್ಕೇ ಬೀಳುತ್ತದಂತೆ. ರಾತ್ರಿಯೆಲ್ಲ ಡ್ರೈವು ತಡವರಿಸುತ್ತ ಓದಿತು, ಭಾವ ಪಕ್ಕದಲ್ಲೇ ಕೂತಿದ್ದರು. ಬೆಳಿಗ್ಗೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಬದಲಿಗೆ, ಇಂಥ ಕಳಪೆ ಸಿಡಿಯಲ್ಲಿ ಯಾಕೆ ಬರೆಸಿದಿರಿ ಎಂದು ಮುಕ್ಕಾಲು ಗಂಟೆ ತರಾಟೆಗೆ ತೆಗೆದುಕೊಂಡರು. ಅವಳು ಕಣ್ಣೊರೆಸಿಕೊಂಡು ಪೂರ್ತಿ ಕೇಳಿಸಿಕೊಂಡಳು. ನಾನು ಅಷ್ಟು ಹೊತ್ತು ಯಾವತ್ತೂ ಕೇಳಿಲ್ಲ.

ನಿಮ್ಮ ಬೀರುವಿನಲ್ಲೂ ಮದುವೆಯದೋ ಗೃಹಪ್ರವೇಶದ್ದೋ ಡಿಸ್ಕು ಇದ್ದೇ ಇರುತ್ತದೆ. ಓದುವ ಡ್ರೈವು ಊರಲ್ಲಿ ಇನ್ನೂ ಒಂದೆರಡು ಉಳಿದಿರುವಾಗಲೇ ಕಾಪಿ ಮಾಡಿಸಿಕೊಳ್ಳಿ. ಮೇಲೆ ಅಂಟಿಸಿದ ವಧೂವರರ ಫೋಟೋ ಸ್ಟಿಕರನ್ನು ಮಾತ್ರ ಕೀಳಬೇಡಿ. ಸಿಡಿಯಲ್ಲಿ ಬರೆದದ್ದೆಲ್ಲ ಇರುವುದು ಆ ಮೇಲ್ಪದರದ ಕೆಳಗೇ, ಸ್ಟಿಕರಿನ ಜೊತೆ ಅದೂ ಕಿತ್ತು ಬರುತ್ತದೆ. ಭಾವನ ಹತ್ತಿರ ಬರುವುದಾದರೆ ಒಂದು ದಿನದ ಬಿಡುವು ಮಾಡಿಕೊಂಡು, ಊಟ ಮುಗಿಸಿಕೊಂಡೇ ಬನ್ನಿ.