ಇದನ್ನು ಯಾರು ಓದಬೇಕು? ಮುಂಬಯಿಯ ಕಿರಿಯ ವೈದ್ಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಕಿರಿಯ ವೈದ್ಯಮಿತ್ರರೇ,

ಪರೇಲ್, ಸಯನ್, ಮುಂಬಯಿ ಸೆಂಟ್ರಲ್‌ನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮುಗಿಸಿ, ಹಾಸ್ಟೆಲ್ ಕೋಣೆಯಲ್ಲಿ ಕೂತು ನೂರು ಪುಟದ ಥೀಸಿಸ್ಸನ್ನು ಹತ್ತು ಪುಟದ ಪ್ರಬಂಧಕ್ಕೆ ಇಳಿಸಿದ್ದೀರಿ. ಈಗ ಅದನ್ನು ಯಾವ ಜರ್ನಲ್ಲಿಗೆ ಕಳಿಸಬೇಕು ಎಂಬ ಚಿಂತೆ. ನಿಮ್ಮಲ್ಲಿ ಕೆಲವರು ಕಲಬುರಗಿ, ವಿಜಯಪುರ, ಉಡುಪಿ, ಕಾಸರಗೋಡಿನಿಂದ ಬಂದವರು. ಇನ್ನು ಕೆಲವರು ಡೊಂಬಿವಲಿ, ಮುಲುಂಡಿನ ಕನ್ನಡ ಮನೆಗಳಲ್ಲೇ ಹುಟ್ಟಿ ಬೆಳೆದವರು. ಸಲಹೆ ಕೇಳಲು ಬಂದಾಗ ಎಲ್ಲರ ಮೊದಲ ಪ್ರಶ್ನೆ ಒಂದೇ: ‘ಎಲ್ಲಿ ಬೇಗ ಆಗುತ್ತೆ ಸರ್?’ ಅದರ ಬೆನ್ನಿಗೇ ಎರಡನೆಯದು: ‘ಪ್ರಮೋಷನ್ನಿಗೆ ನಡೆಯುತ್ತಾ?’ ಎರಡೂ ನ್ಯಾಯವಾದ ಪ್ರಶ್ನೆಗಳೇ. ಹೊಟ್ಟೆಪಾಡು ಯಾರಿಗೂ ಬಿಟ್ಟದ್ದಲ್ಲ. ಆದರೆ ಇವೆರಡಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಪ್ರಬಂಧವನ್ನು ಯಾರು ಓದಬೇಕು?

ಆ ಪ್ರಶ್ನೆಗೆ ಎಷ್ಟು ತೂಕವಿದೆ ಎಂಬುದಕ್ಕೆ ಇದೇ ಊರಿನ ಒಂದು ಚರಿತ್ರೆ ಸಾಕು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ ಸರ್ಪಗಂಧಿಯ ಬೇರಿನ ಬಗ್ಗೆ ಬರೆದರು. ಈ ಬೇರು ರಕ್ತದೊತ್ತಡ ಇಳಿಸುತ್ತದೆ, ಮತಿಭ್ರಮಣೆಯಲ್ಲೂ ಉಪಯೋಗಕ್ಕೆ ಬರುತ್ತದೆ ಎಂದು ಸ್ಪಷ್ಟವಾಗಿ ಹೇಳಿದರು. ಆ ಕಾಲದಲ್ಲಿ ರಕ್ತದೊತ್ತಡಕ್ಕೆ ನೆಚ್ಚಬಹುದಾದ ಔಷಧವೇ ಇರಲಿಲ್ಲ. ಅಷ್ಟಾದರೂ ಆ ಪ್ರಬಂಧ ಭಾರತದ ಹೊರಗೆ ಹೆಚ್ಚುಕಡಿಮೆ ಯಾರ ಕಣ್ಣಿಗೂ ಬೀಳಲಿಲ್ಲ. 18 ವರ್ಷ ಕಳೆದವು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅದೇ ಬೇರನ್ನು 50 ಮಂದಿ ರೋಗಿಗಳಿಗೆ ಕೊಟ್ಟರು. ಒತ್ತಡ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಔಷಧ ನಿಲ್ಲಿಸಿದ ಮೇಲೆ ಏನಾಯಿತು ಎಂಬುದನ್ನೆಲ್ಲ ಅಳೆದು ಬರೆದು ‘ಬ್ರಿಟಿಷ್ ಹಾರ್ಟ್ ಜರ್ನಲ್’ಗೆ ಕಳಿಸಿದರು. 1949ರಲ್ಲಿ ಅದು ಅಚ್ಚಾಯಿತು. ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಅದರ ಜಾಡು ಹಿಡಿದು ತಮ್ಮ ರೋಗಿಗಳಿಗೂ ಈ ಔಷಧ ಕೊಟ್ಟು ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ಅದೇ ವರ್ಷ ಅದೇ ಪ್ರಶಸ್ತಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅವರಿಗೂ ಸಂದಿತು, ಮಾನಸಿಕ ಕಾಯಿಲೆಯಲ್ಲಿ ಈ ಔಷಧ ಬಳಸಿ ತೋರಿಸಿದ್ದಕ್ಕೆ. ಸೇನ್ ಮತ್ತು ಬೋಸ್ ಅದನ್ನು 26 ವರ್ಷ ಮೊದಲೇ ಬರೆದಿದ್ದರು.

ವಕೀಲರದ್ದು ಹೆಚ್ಚು ಶಿಸ್ತಿನ ಅಧ್ಯಯನ, ನಿಜ. ವ್ಯತ್ಯಾಸಕ್ಕೆಲ್ಲ ಪತ್ರಿಕೆಯೊಂದೇ ಕಾರಣ ಎಂದು ನಾನು ವಾದಿಸುವುದಿಲ್ಲ. ಆದರೆ ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ತಲುಪದ ಮೇಜಿಗೆ ‘ಬ್ರಿಟಿಷ್ ಹಾರ್ಟ್ ಜರ್ನಲ್’ ತಲುಪಿತು. ಆ 18 ವರ್ಷಗಳಲ್ಲಿ ರಕ್ತದೊತ್ತಡದಿಂದ ಸತ್ತವರ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಪರೇಲಿನವರಿಗೆ ಇನ್ನೊಂದು ಉದಾಹರಣೆ ಕೈಯಳತೆಯಲ್ಲೇ ಇದೆ. ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನ ವೈ.ಎಂ. ಭೆಂಡೆ ಮತ್ತು ಸಂಗಡಿಗರಿಗೆ ವಿಚಿತ್ರವಾದ ರಕ್ತ ಸಿಕ್ಕಿತು. ಮಾಮೂಲಿ ಪರೀಕ್ಷೆಯಲ್ಲಿ ಅದು ‘ಒ’ ಗುಂಪಿನಂತೆ ಕಾಣುತ್ತದೆ. ಆದರೆ ‘ಒ’ ರಕ್ತದ ಕಣಗಳಲ್ಲಿ ಇರುವ ಎಚ್ ಅಂಶ ಇದರಲ್ಲಿ ಇಲ್ಲ, ಮೇಲಾಗಿ ಸೀರಮ್ಮಿನಲ್ಲಿ ಎಚ್‌ಗೇ ವಿರುದ್ಧವಾದ ಪ್ರತಿಕಾಯವಿದೆ. ಅಂದರೆ ಇಂಥವರಿಗೆ ‘ಒ’ ರಕ್ತ ಕೊಟ್ಟರೂ ಜೀವಕ್ಕೆ ಅಪಾಯ. ಭೆಂಡೆಯವರ ತಂಡ ಲಂಡನ್ನಿನ ರೇಸ್ ಮತ್ತು ಸ್ಯಾಂಗರ್ ಮುಂತಾದ ರಕ್ತಗುಂಪು ತಜ್ಞರ ಜೊತೆ ಸೇರಿ 1952ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಎರಡೇ ಪುಟದಲ್ಲಿ ಇದನ್ನು ಪ್ರಕಟಿಸಿತು. ಇಂದು ಜಗತ್ತಿನ ಯಾವ ರಕ್ತನಿಧಿಗೆ ಹೋದರೂ ‘ಬಾಂಬೆ’ ಗುಂಪು ಎಂದರೆ ತಂತ್ರಜ್ಞರಿಗೆ ಗೊತ್ತು. ರಕ್ತ ಕೊಡುವವರು ಎಲ್ಲ ದೇಶಗಳಲ್ಲೂ ಇರುವುದರಿಂದ ಈ ವಿಷಯ ಎಲ್ಲ ದೇಶಗಳಿಗೂ ತಿಳಿಯಬೇಕಿತ್ತು. ಅದಕ್ಕೆ ತಕ್ಕ ಪತ್ರಿಕೆಯನ್ನೇ ಅವರು ಆರಿಸಿದರು.

ಮಾಹಿಮ್‌ನ ಹಿಂದುಜಾ ಆಸ್ಪತ್ರೆಯ ಜರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು 2011ರ ಡಿಸೆಂಬರಿನಲ್ಲಿ ‘ಕ್ಲಿನಿಕಲ್ ಇನ್‌ಫೆಕ್ಷಿಯಸ್ ಡಿಸೀಸಸ್’ ಜರ್ನಲ್ಲಿಗೆ ಕೊಟ್ಟದ್ದು ಪೂರ್ಣ ಪ್ರಬಂಧವೂ ಅಲ್ಲ, ಸಂಪಾದಕರಿಗೆ ಬರೆದ ಒಂದು ಪುಟ್ಟ ಪತ್ರ. ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ಕ್ಷಯ, ನಾಲ್ಕು ಮಂದಿ ರೋಗಿಗಳು, ಅಷ್ಟೇ. ಇದಕ್ಕೆ ಅವರು ಬಳಸಿದ ‘ಸಂಪೂರ್ಣ ಔಷಧ-ನಿರೋಧಕ ಕ್ಷಯ’ ಎಂಬ ಹೆಸರನ್ನು ಸರ್ಕಾರ ಒಪ್ಪಲಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೂ ಆ ಹೆಸರು ಬೇಡ ಎಂದಿತು. ಆದರೆ ಮುಂಬಯಿಯ ಕ್ಷಯದ ಕಡೆ ಜಗತ್ತೇ ತಿರುಗಿ ನೋಡಿತು. ನಾಲ್ಕು ರೋಗಿಗಳ ಮಾಹಿತಿಗೆ ಪತ್ರದ ರೂಪವೇ ಸರಿ ಎಂದು ಗುರುತಿಸಿದ್ದು ಕೂಡ ಜರ್ನಲ್ ಆಯ್ಕೆಯಷ್ಟೇ ಮುಖ್ಯವಾದ ವಿವೇಕ. ನಿಮ್ಮಲ್ಲಿ ಎಷ್ಟೋ ಮಂದಿ ಪತ್ರದಷ್ಟು ವಿಷಯವನ್ನು ಹಿಗ್ಗಿಸಿ ಪ್ರಬಂಧ ಮಾಡುತ್ತೀರಿ, ಅದು ಎಲ್ಲ ಕಡೆಯಿಂದಲೂ ಹಿಂದಿರುಗಿ ಬರುತ್ತದೆ.

ಇಷ್ಟು ಓದಿ, ವಿದೇಶಿ ಜರ್ನಲ್ಲೇ ಗತಿ ಎಂದುಕೊಳ್ಳಬೇಡಿ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಕಾಡಿಗೆ ಹೋಗಿ ಬಂದವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ರಾಕ್‌ಫೆಲ್ಲರ್ ಪ್ರತಿಷ್ಠಾನದ ನಂಟಿದ್ದ ಅಮೆರಿಕನ್ನರು. ಯಾವ ದೊಡ್ಡ ಜರ್ನಲ್ಲಿನ ಬಾಗಿಲನ್ನಾದರೂ ಅವರು ತಟ್ಟಬಹುದಿತ್ತು. ಆದರೂ ಹೊಸ ರೋಗದ ಆರಂಭಿಕ ವರದಿಗಳನ್ನು ಅದೇ ವರ್ಷ ಮುಂಬಯಿಯಿಂದ ಹೊರಡುತ್ತಿದ್ದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ ಪ್ರಕಟಿಸಿದರು. ಮಲೆನಾಡಿನ ಆಸ್ಪತ್ರೆಗೆ ನಾಳೆ ಬರುವ ರೋಗಿಯನ್ನು ನೋಡಬೇಕಾದ ವೈದ್ಯ ಇರುವುದು ಭಾರತದಲ್ಲಿ, ಅವನು ಓದುವುದು ಭಾರತದ ಪತ್ರಿಕೆ. ಫಾಸ್ಟ್ ಲೋಕಲ್ ಎಷ್ಟೇ ವೇಗವಾಗಿ ಹೋಗಲಿ, ಕರಿ ರೋಡಿನಲ್ಲಿ ಇಳಿಯಬೇಕಾದವನಿಗೆ ಅದರಿಂದ ಉಪಯೋಗವಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ಜರ್ನಲ್ ಹತ್ತುವ ಮುನ್ನ ನಿಮ್ಮ ಓದುಗ ಯಾವ ನಿಲ್ದಾಣದಲ್ಲಿದ್ದಾನೆ ಎಂದು ನೋಡಿಕೊಳ್ಳಿ. ಆ ಸಂಖ್ಯೆ ಹೇಳುವುದು ಜರ್ನಲ್ಲಿನ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನು ಮಾತ್ರ. ನಿಮ್ಮ ಲೇಖನದ ಯೋಗ್ಯತೆಯ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ.

ಮನೆಯ ಪತ್ರಿಕೆಗಳ ಬಗ್ಗೆ ನಮಗೆ ಇನ್ನಷ್ಟು ಅಭಿಮಾನ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆ.ಇ.ಎಂ. ಮತ್ತು ಜಿ.ಎಸ್. ಕಾಲೇಜಿನ ಸ್ಟಾಫ್ ಸೊಸೈಟಿ 1955ರಲ್ಲಿ ಆರಂಭಿಸಿದ ‘ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್’ ಮೆಡ್‌ಲೈನ್ ಸೂಚಿಯಲ್ಲಿದೆ. ಈ ಶತಮಾನದ ಆರಂಭದಲ್ಲೇ, ಲೇಖಕರಿಂದ ಕಾಸು ಕೇಳದೆ, ಓದುಗರಿಂದಲೂ ಕೇಳದೆ ಅಂತರ್ಜಾಲದಲ್ಲಿ ಮುಕ್ತವಾಗಿ ತೆರೆದುಕೊಂಡ ಪತ್ರಿಕೆ ಅದು. ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ 1993ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿ, ವೈದ್ಯಕೀಯದ ಒಳಗಿನ ಹುಳುಕುಗಳ ಬಗ್ಗೆ ವೈದ್ಯರೇ ಬರೆಯಲು ಜಾಗ ಮಾಡಿಕೊಟ್ಟಿತು. ಪ್ರಕಟಿಸಬೇಕಾದರೆ ಕೈಯಿಂದ ಹಣ ಹಾಕಲೇಬೇಕು ಎಂಬ ನಂಬಿಕೆ ನಿಮ್ಮಲ್ಲಿ ಬೇರೂರಿದೆ. ಅದನ್ನು ಮೊದಲು ಬಿಡಿ.

ಆ ನಂಬಿಕೆ ಬಿತ್ತಿದವರು ಯಾರೆಂದು ನಿಮ್ಮ ಇನ್‌ಬಾಕ್ಸ್ ತೆರೆದರೆ ಕಾಣುತ್ತದೆ. ‘ಗ್ರೀಟಿಂಗ್ಸ್ ಆಫ್ ದ ಡೇ’ ಎಂದು ಶುರುವಾಗುವ ಇಮೇಲ್. ನಿಮ್ಮ ಹೆಸರಿನ ಅಕ್ಷರಗಳು ಬೇರೆ ಬಣ್ಣದಲ್ಲಿ, ಬೇರೆ ಅಳತೆಯಲ್ಲಿ ಇರುತ್ತವೆ, ಯಾವುದೋ ಪಟ್ಟಿಯಿಂದ ಕಿತ್ತು ಅಂಟಿಸಿದ್ದು. ಮಕ್ಕಳ ತಜ್ಞೆಗೆ ದಂತವೈದ್ಯ ಜರ್ನಲ್ಲಿನ ಆಹ್ವಾನ. ‘ನಿಮ್ಮ ಅಮೋಘ ಪ್ರಬಂಧ ಓದಿ ಬೆರಗಾದೆವು, ಸಂಚಿಕೆಗೆ ಒಂದೇ ಲೇಖನ ಕಡಿಮೆಯಾಗಿದೆ, ಮೂರು ದಿನದಲ್ಲಿ ಪರಿಶೀಲನೆ.’ ತಜ್ಞರೊಬ್ಬರು ನಿಮ್ಮ ಕೋಷ್ಟಕಗಳನ್ನು ಕೂಡಿ ಕಳೆದು ನೋಡಲು ಮೂರು ದಿನ ಸಾಲದು. ಲೇಖನ ಒಪ್ಪಿಗೆಯಾದ ಮೇಲೆ ಬಿಲ್ಲು ಬರುತ್ತದೆ. ಅನುಮಾನ ಬಂದು ವಾಪಸ್ ಕೊಡಿ ಎಂದರೆ ಅದಕ್ಕೂ ಶುಲ್ಕ. ಅಷ್ಟರಲ್ಲಿ ಅವರು ಅಚ್ಚು ಹಾಕಿರುತ್ತಾರೆ. ಒಮ್ಮೆ ಪ್ರಕಟವಾದದ್ದನ್ನು ಮತ್ತೊಂದು ಜರ್ನಲ್ ಮುಟ್ಟುವುದಿಲ್ಲ. ಎರಡು ಮೂರು ವರ್ಷದ ದುಡಿಮೆ ಅಲ್ಲಿಗೆ ಮಣ್ಣುಪಾಲು.

ಈ ದಂಧೆಗೆ ಭಾರತ ದೊಡ್ಡ ನೆಲೆಯಾಗಿರುವುದು ನನಗೆ ನಾಚಿಕೆಯ ವಿಷಯ. ಹೈದರಾಬಾದಿನ ಓಮಿಕ್ಸ್ ಪ್ರಕಾಶನಕ್ಕೆ 2019ರಲ್ಲಿ ಅಮೆರಿಕದ ನ್ಯಾಯಾಲಯ 5 ಕೋಟಿ ಡಾಲರಿಗೂ ಮಿಕ್ಕಿ ಕಟ್ಟುವಂತೆ ಆದೇಶಿಸಿತು. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನಿಂದ ತೆಗೆದ ಕ್ಯಾನ್ಸರ್ ಔಷಧದ ಬಗ್ಗೆ ಬೇಕೆಂತಲೇ ತಪ್ಪು ತುಂಬಿದ ನಕಲಿ ಪ್ರಬಂಧವನ್ನು 304 ಜರ್ನಲ್ಲುಗಳಿಗೆ ಕಳಿಸಿದರು. 157 ಜರ್ನಲ್ಲುಗಳು ಒಪ್ಪಿಕೊಂಡವು. ಅವುಗಳಲ್ಲಿ ಮುಂಬಯಿಯ ಮೆಡ್‌ನೋ ಪ್ರಕಾಶನದ ಒಂದು ಜರ್ನಲ್ಲೂ ಇತ್ತು. ಭಾರತದ ನೂರಾರು ವೈದ್ಯಕೀಯ ಪತ್ರಿಕೆಗಳನ್ನು ಜಗತ್ತಿಗೆ ತಲುಪಿಸಿದ ಮೆಡ್‌ನೋವನ್ನು ಆ ಹೊತ್ತಿಗೆ ವೋಲ್ಟರ್ಸ್ ಕ್ಲೂವರ್ ಎಂಬ ಬಹುರಾಷ್ಟ್ರೀಯ ಸಂಸ್ಥೆ ಕೊಂಡಿತ್ತು. ವಿಷಯ ಬಯಲಾದ ಮೇಲೆ ಆ ಜರ್ನಲ್ಲನ್ನು ಮುಚ್ಚಲಾಯಿತು. ಪ್ರಕಾಶಕರ ದೊಡ್ಡ ಹೆಸರನ್ನು ನಂಬಿ ಕೂರಬೇಡಿ ಎಂಬುದಕ್ಕೆ ಇದನ್ನು ಹೇಳಿದೆ.

ಹಾಗಾದರೆ ನಂಬುವುದು ಯಾವುದನ್ನು? ಕಣ್ಣಾರೆ ಕಂಡದ್ದನ್ನು. ‘ನಾವು ಪಬ್‌ಮೆಡ್‌ನಲ್ಲಿದ್ದೇವೆ’ ಎಂದು ಜರ್ನಲ್ ಹೇಳಿಕೊಂಡರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕೆಟಲಾಗಿನಲ್ಲಿ ಅದರ ಹೆಸರು ಹುಡುಕಿ. ಈಗ ಮೆಡ್‌ಲೈನ್ ಸೂಚಿಯಲ್ಲಿ ಇದೆಯೋ ಇಲ್ಲವೋ ಎಂದು ಅಲ್ಲೇ ಬರೆದಿರುತ್ತದೆ. ಪಬ್‌ಮೆಡ್ ಎಂಬುದು ಹುಡುಕಾಟದ ಬಾಗಿಲು, ಮೆಡ್‌ಲೈನ್ ಆಯ್ದು ಸೇರಿಸಿದ ಪತ್ರಿಕೆಗಳ ಸೂಚಿ. ಗೂಗಲ್ ಸ್ಕಾಲರ್‌ನಲ್ಲಿ ಇದ್ದೇವೆ ಎನ್ನುವುದು ಅರ್ಹತೆಯೇ ಅಲ್ಲ. ಸಂಪಾದಕ ಮಂಡಳಿಯಲ್ಲಿ ನಿಮ್ಮ ವಿಷಯದ ಪರಿಚಿತ ಪ್ರಾಧ್ಯಾಪಕರ ಹೆಸರಿದ್ದರೆ ಅವರಿಗೇ ಫೋನ್ ಮಾಡಿ ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರು ಇದ್ದಾರೆ. ಕಳೆದ ಎರಡು ಸಂಚಿಕೆಗಳನ್ನು ತೆರೆದು ನಾಲ್ಕು ಲೇಖನ ಓದಿ. ನಿಮ್ಮ ಪ್ರಬಂಧದ ಜಾತಿಯದ್ದು ಒಂದೂ ಇಲ್ಲವಾದರೆ ಸಂಪಾದಕರು ತಜ್ಞರಿಗೂ ಕಳಿಸದೆ ಹಿಂದಿರುಗಿಸುತ್ತಾರೆ. ಶುಲ್ಕ ಎಷ್ಟೆಂದು ಮೊದಲೇ ನೋಡಿ. ಹೆಸರಾಂತ ಮುಕ್ತ ಜರ್ನಲ್ಲುಗಳಲ್ಲಿ ಅದು ನಿಮ್ಮ ತಿಂಗಳ ಸ್ಟೈಪೆಂಡನ್ನು ಎಷ್ಟೋ ಪಟ್ಟು ಮೀರಬಹುದು. ಔಷಧ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಾದ ಸಿ.ಟಿ.ಆರ್.ಐ.ಯಲ್ಲಿ ನೋಂದಾಯಿಸಿರಬೇಕು, ಇಲ್ಲವಾದರೆ ಒಳ್ಳೆಯ ಜರ್ನಲ್ಲುಗಳ ಬಾಗಿಲು ಮುಚ್ಚಿದಂತೆಯೇ. ಮತ್ತೆ, ಒಂದು ಸಲಕ್ಕೆ ಒಂದೇ ಜರ್ನಲ್.

ಇಲ್ಲಿ ನಿಯಮ ಮಾಡುವ ಹಿರಿಯರಿಗೂ ಎರಡು ಮಾತು ಹೇಳಲೇಬೇಕು. ಅವರೂ ಈ ಪತ್ರ ಓದಲಿ. 2015ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿ, ಪ್ರಮೋಷನ್ನಿಗೆ ಯಾವ ಪ್ರಬಂಧಗಳು ಲೆಕ್ಕಕ್ಕೆ ಬರುತ್ತವೆ ಎಂದು ಸುತ್ತೋಲೆ ಹೊರಡಿಸಿತು. ಇ-ಜರ್ನಲ್ ನಡೆಯುವುದಿಲ್ಲ, ಮೊದಲ ಇಬ್ಬರು ಲೇಖಕರಿಗೆ ಮಾತ್ರ ಮಾನ್ಯತೆ. ಮಾನ್ಯ ಸೂಚಿಗಳ ಪಟ್ಟಿಯಲ್ಲಿ ‘ಇಂಡೆಕ್ಸ್ ಮೆಡಿಕಸ್’ ಇತ್ತು. ಅದು 2004ರಲ್ಲೇ ಅಚ್ಚು ನಿಲ್ಲಿಸಿತ್ತು. ದೇಶದ ಸಂಪಾದಕರೇ ಇದನ್ನು ಟೀಕಿಸಿದರು. ಮುಂದೆ ನಿಯಮಗಳು ಬದಲಾಗಿ ಸ್ವಲ್ಪ ಸುಧಾರಿಸಿದವು. ಆದರೆ ಹುದ್ದೆಗೆ ಇಂತಿಷ್ಟು ಪ್ರಬಂಧ ಎಂಬ ಲೆಕ್ಕ ಉಳಿದಿರುವ ತನಕ ಮೂರು ದಿನದ ಜರ್ನಲ್ಲುಗಳೂ ಉಳಿಯುತ್ತವೆ. ಹಗಲಿಡೀ ಒ.ಪಿ.ಡಿ.ಯಲ್ಲಿ ನೂರಾರು ರೋಗಿಗಳನ್ನು ನೋಡುವ, ಚೆನ್ನಾಗಿ ಪಾಠ ಹೇಳುವ ವೈದ್ಯನಿಗೆ ಸಂಶೋಧನೆಯಲ್ಲಿ ಒಲವಿಲ್ಲದಿದ್ದರೆ ಅವನಿಂದ ಬಲವಂತವಾಗಿ ಬರೆಸಬೇಡಿ. ಬರೆದವನ ಪ್ರಬಂಧವನ್ನು ಎಣಿಸುವ ಬದಲು ಒಂದನ್ನಾದರೂ ಓದಿ.

ಕಿರಿಯರೇ, ನಿಮ್ಮ ಪ್ರಬಂಧದ ಪ್ರತಿ ಸಂಖ್ಯೆಯ ಹಿಂದೆ ಒಂದು ಕೇಸ್ ಪೇಪರ್ ಇದೆ. ಅಂಚು ಮುದುರಿದ್ದು, ಪ್ಲಾಸ್ಟಿಕ್ ಚೀಲದಲ್ಲಿ ಎಕ್ಸ್‌ರೇ ಜೊತೆ ಸುತ್ತಿಟ್ಟು ಗೋವಂಡಿಯಿಂದಲೋ ರತ್ನಾಗಿರಿಯಿಂದಲೋ ಅಕ್ಕಲಕೋಟೆಯಿಂದಲೋ ತಂದದ್ದು. ಒಪ್ಪಿಗೆಪತ್ರದ ಕೆಳಗೆ ಹೆಬ್ಬೆಟ್ಟು ಒತ್ತುವ ಮುನ್ನ ಆ ತಾಯಿಗೆ ನೀವು ಹೇಳಿದ್ದಿರಿ: ಇದರಿಂದ ನಿಮಗೆ ಲಾಭ ಆಗದಿರಬಹುದು, ಮುಂದೆ ಬರುವ ರೋಗಿಗಳಿಗೆ ಆಗುತ್ತದೆ ಎಂದು. ಅವಳು ನಂಬಿ ಒತ್ತಿದಳು. ಯಾರೂ ಓದದ ಕಡೆ ಆ ಫಲಿತಾಂಶವನ್ನು ಹೂತುಹಾಕಿದರೆ ಅವಳಿಗೆ ಕೊಟ್ಟ ಮಾತು ತಪ್ಪಿದಂತೆ.

ಒಳ್ಳೆಯ ಜರ್ನಲ್ ನಿಮ್ಮನ್ನು ತಿರಸ್ಕರಿಸಬಹುದು. ಪರಿಶೀಲಕರು ಬರೆದ ಟಿಪ್ಪಣಿಗಳನ್ನು ಸಿಟ್ಟು ಇಳಿದ ಮೇಲೆ ಓದಿ, ತಿದ್ದಿ, ಮುಂದಿನ ಜರ್ನಲ್ಲಿಗೆ ಕಳಿಸಿ. ಆರು ತಿಂಗಳು ಹೋಗಲಿ, ವರ್ಷವೇ ಹೋಗಲಿ. ಕಳಿಸುವ ಮುನ್ನ ಗೈಡ್ ಜೊತೆ ಕೂತು, ಇದನ್ನು ಓದಲೇಬೇಕಾದ ವೈದ್ಯರು ಯಾರು, ಅವರ ಮೇಜಿನ ಮೇಲೆ ಯಾವ ಪತ್ರಿಕೆ ಇರುತ್ತದೆ ಎಂದು ಒಂದು ಗಂಟೆ ಮಾತಾಡಿ. ದಯವಿಟ್ಟು ಆ ಒಂದು ಗಂಟೆಯನ್ನು ಉಳಿಸಲು ಹೋಗಬೇಡಿ.

ಇಂತಿ ನಿಮ್ಮ,
ಮುಂಬಯಿಯ ಹಿರಿಯ ಸಹೋದ್ಯೋಗಿ